ಇಸ್ಕಂದರ್ ಅಫೆಂದಿಯ ಹಸಿ ಗಡಿ

ಅಲೆಪ್ಪೊದ ಶಾಲೆಗಳಿಗೆ ಬಟ್ಟೆಯ ಭೂಪಟ ಬರೆದುಕೊಡುವ ಇಸ್ಕಂದರ್ ಅಫೆಂದಿಯಷ್ಟು ರಾಜ್ಯಗಳನ್ನು ಅಳಿಸಿದ ವೀರ ಚರಿತ್ರೆಯಲ್ಲೇ ಇನ್ನೊಬ್ಬನಿಲ್ಲ. ಅದೂ ಮೊಣಕಾಲೂರಿ ಕೂತು, ಪಿಸ್ತಾ ಜಗಿಯುತ್ತಾ. ತುರ್ಕಿ ಸುಲ್ತಾನರ ಸಾಮ್ರಾಜ್ಯವನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ದಂಗೆಯೆದ್ದ ಅರಬರಿಗೊಂದು ಹಸಿರು ರಾಜ್ಯ ಕಟ್ಟಿಕೊಟ್ಟು, ಎರಡೇ ವರ್ಷಕ್ಕೆ ಅದನ್ನು ಫ್ರೆಂಚರ ನೀಲಿಯಲ್ಲಿ ಮುಳುಗಿಸಿದರು. ಬಟ್ಟೆ ಸಿಗದ ಕಾಲವಾದ್ದರಿಂದ ಹಳೆಯ ಪಟದ ಮೇಲೆಯೇ ಬಳಿಯುತ್ತಾರೆ. ಬಣ್ಣದ ಭಾರಕ್ಕೆ ಒಂದು ಶಾಲೆಯ ಗೋಡೆ ಮೊಳೆ ಸಮೇತ ಕಿತ್ತುಬಂದಿತ್ತು. ಮೇಷ್ಟ್ರು ಅವಸರಪಡಿಸಿದರೆ, "ತಡ್ಕೊಳ್ಳಿ ಮೇಷ್ಟ್ರೇ, ಇದು ಒಣಗೋದ್ರೊಳಗೆ ಇನ್ನೊಂದು ಸರ್ಕಾರ ಬಿದ್ರೆ ಮತ್ತೆ ಬಳಿಯೋನು ನಾನೇ ತಾನೇ?" ಎನ್ನುತ್ತಾರೆ. ದಿನಾ ಬೆಳಿಗ್ಗೆ ಗಡಿಗೆರೆಯ ಮೇಲೆ ಕಿರುಬೆರಳೊತ್ತಿ, ಅಂಟಿದ ಕೆಂಪನ್ನು ಬೀದಿಗೆಲ್ಲ ತೋರಿಸುತ್ತಾರೆ: "ನೋಡ್ರಪ್ಪಾ, ಇನ್ನೂ ಹಸಿ!" ಕಳೆದ ವಾರ ರೈಲುಹಳಿಯ ಉದ್ದಕ್ಕೂ ಹೊಸ ಗಡಿ ಎಳೆದರು, ಆಚೆ ತುರ್ಕರದ್ದು, ಈಚೆ ನಮ್ಮದು. ಆಚೆಯ ಕಿಲಿಸ್ ಊರಿಗೆ ಮದುವೆಯಾಗಿ ಹೋದ ಮಗಳು ವಸೀಲಾ ಗಾಡಿಯವನ ಕೈಲಿ ಹೇಳಿಕಳಿಸಿದಳು: "ಬಾಬಾ, ಶುಕ್ರವಾರದಿಂದ ಯಾರನ್ನೂ ದಾಟಿಸಲ್ವಂತೆ. ಮಕ್ಕಳನ್ನ ಕರ್ಕೊಂಡು ಈಗಲೇ ಬಂದ್ಬಿಡ್ಲಾ?" ಅಫೆಂದಿ ಹೊಟ್ಟೆ ಹಿಡಿದು ನಕ್ಕು ಗಾಡಿಯವನಿಗೆ ಕೆಂಪು ಬೆರಳು ತೋರಿಸಿದರು. "ಹೋಗಿ ಹೇಳಯ್ಯಾ, ಗಡಿ ಇನ್ನೂ ಒಣಗೇ ಇಲ್ಲ ಅಂತ. ಹಬ್ಬಕ್ಕೆ ನಿಧಾನವಾಗಿ ಬರ್ಲಿ." ಇಂದು ಶನಿವಾರ. ಕಿಲಿಸ್ ದಾರಿಯಿಂದ ಒಂದು ಗಾಡಿಯೂ ಬಂದಿಲ್ಲ. ಎಂದಿನಂತೆ ಗೆರೆಯ ಮೇಲೆ ಬೆರಳೊತ್ತಿ, ಬೀದಿಗೆ ತೋರಿಸಲು ಕೈಯೆತ್ತಿದ ಅಫೆಂದಿಯ ಬಾಯಲ್ಲಿ ಪಿಸ್ತಾ ಹಾಗೇ ನಿಂತಿತು. ಇನ್ನೊಮ್ಮೆ ಒತ್ತಿದರು, ಈ ಸಲ ಐದೂ ಬೆರಳಿಂದ. ಒಂದಕ್ಕೂ ಬಣ್ಣ ಅಂಟಲಿಲ್ಲ.