ಹಡಗಿನಲ್ಲಿ ನನ್ನ ಉಪವಾಸ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಮೀನುಗಾರರ ಮನೆಯಲ್ಲಿ ಹುಟ್ಟಿದವಳು, ಮತ್ತು ಸಿಗಡಿ ತಿಂದರೆ ಸಾಯುವವಳು. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಅವರ ತಪ್ಪಲ್ಲ. ಅಕ್ಕಸಾಲಿಗನ ಮಗಳಿಗೆ ಚಿನ್ನ ಮುಟ್ಟಿದರೆ ತುರಿಕೆ ಎಂದರೆ ನಾನೂ ನಗುತ್ತಿದ್ದೆನೇನೋ. ನಕ್ಕಾದ ಮೇಲೆ, 'ಸ್ವಲ್ಪ ತಿಂದ್ರೆ ಎಂತ ಆಗೂದಿಲ್ಲ' ಎನ್ನುತ್ತಾರೆ. ನಗುವನ್ನು ಸಹಿಸಬಹುದು. ನನಗೆ ಭಯ ಈ ಎರಡನೆಯ ಮಾತಿನದು.

ನಮ್ಮ ಮನೆ ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಜಾಗದಿಂದ ಕೂಗಳತೆ ದೂರದಲ್ಲಿತ್ತು. ಅಪ್ಪ ದೋಣಿಗೆ ಹೋಗುತ್ತಿದ್ದ, ಆಯಿ ಪೇಟೆಯಲ್ಲಿ ಕೂತು ಮೀನು ಮಾರುತ್ತಿದ್ದಳು. ಬಂಗಡೆ, ನೊಗಲಿಯಂಥ ಮೀನೆಲ್ಲ ನನಗೆ ಆಗುತ್ತಿತ್ತು. ಆಗದೇ ಇದ್ದದ್ದು ಶೆಟ್ಲಿ ಮಾತ್ರ. ಸಿಗಡಿಗೆ ನಮ್ಮ ಕಡೆ ಇರುವ ಹೆಸರು ಅದು. ಎಂಟನೆಯ ವಯಸ್ಸಿನಲ್ಲಿ ಒಮ್ಮೆ ಶೆಟ್ಲಿ ಚಟ್ನಿ ತಿಂದು ತುಟಿ ಹಲಸಿನ ತೊಳೆಯಷ್ಟು ಊದಿಕೊಂಡಾಗ ಅಜ್ಜಿ ಮೊದಲು ದೃಷ್ಟಿ ತೆಗೆದಳು, ಆಮೇಲೆ ಅರಿಶಿನ ಹಚ್ಚಿದಳು, ಕೊನೆಗೆ 'ನಂಜು' ಎಂದು ತೀರ್ಪು ಕೊಟ್ಟಳು. ಆಯಿಗೆ ಮಾತ್ರ ಇದು ದೊಡ್ಡ ಅವಮಾನವೆನಿಸಿತು.

"ಊರಿಗೆಲ್ಲ ಶೆಟ್ಲಿ ಮಾರೂಳು ನಾನು. ನನ್ನ ಮಗಳಿಗೇ ಶೆಟ್ಲಿ ನಂಜು ಅಂದ್ರೆ ಗಿರಾಕಿಗಳು ಎಂತ ಅಂದ್ಕಳ್ತಾರೆ? ಯಾರ ಹತ್ರನೂ ಹೇಳೂಕೆ ಹೋಗಬೇಡ" ಎಂದಳು.

ನಾನು ವಿಧೇಯ ಮಗಳು. ಇಪ್ಪತ್ತು ವರ್ಷ ಹೇಳಲಿಲ್ಲ.

ನಂಜು ಎಂಬುದು ವಿಚಿತ್ರ ಪದ. ಹಾವು ಕಚ್ಚಿದರೂ ನಂಜು, ಗಾಯ ಕೀವಾದರೂ ನಂಜು, ಬದನೆಕಾಯಿ ತಿಂದು ಮೈ ತುರಿಸಿದರೂ ನಂಜು. ಅದರ ಪಕ್ಕದ ಮನೆಯಲ್ಲೇ 'ನಂಚು' ವಾಸವಾಗಿದೆ, ಗಂಜಿಗೆ ಉಪ್ಪಿನಕಾಯಿ ನಂಚಿಕೊಳ್ಳುವ ನಂಚು. ರುಚಿಗೂ ವಿಷಕ್ಕೂ ನಡುವೆ ನಮ್ಮ ಭಾಷೆ ಇಟ್ಟಿರುವುದು ಒಂದೇ ಅಕ್ಷರದ ಬೇಲಿ. ಹಾಲಾಹಲ ಕುಡಿದು ಬದುಕಿದ ಶಿವ ನಂಜುಂಡನಾದ, ಗುಡಿ ಕಟ್ಟಿಸಿಕೊಂಡ. ನಂಜನ್ನು ಉಣ್ಣದೇ ಬದುಕಲು ಹೆಣಗುವವರಿಗೆ ಗುಡಿಯೂ ಇಲ್ಲ, ಪೂಜೆಯೂ ಇಲ್ಲ. ಸಿಗುವುದು 'ಭಾರೀ ಸೋಗು ಇವಳದು' ಎಂಬ ಬಿರುದು ಮಾತ್ರ.

ಕುಮಟಾದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ನಾನು 'ಅಕ್ಕೋರು' ಆದೆ. ಅಲ್ಲಿ ಸಹೋದ್ಯೋಗಿಯೊಬ್ಬಳ ಮನೆಗೆ ಊಟಕ್ಕೆ ಹೋದಾಗ ಬಹಳ ಜಾಣತನದಿಂದ ಬಂಗಡೆ ಸಾರನ್ನಷ್ಟೇ ಬಡಿಸಿಕೊಂಡೆ. ಆದರೆ ಆ ಸಾರಿನ ಸೌಟು ಪಕ್ಕದ ಶೆಟ್ಲಿ ಪಾತ್ರೆಗೂ ಹೋಗಿ ಬರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ತುತ್ತಿಗೆ ಗಂಟಲು ಬಿಗಿಯಿತು. ಮೀನಿನ ಮುಳ್ಳು ಸಿಕ್ಕಿಕೊಂಡಿದೆಯೆಂದು ತಿಳಿದ ಆ ಮನೆಯವರು ಬರೀ ಅನ್ನದ ಉಂಡೆ ಮಾಡಿ 'ನುಂಗಿ, ನುಂಗಿ' ಎಂದು ಬಾಯಿಗೆ ತುರುಕಿದರು. ಅಲರ್ಜಿಯಿಂದ ಸಾಯದಿದ್ದರೆ ಉಪಚಾರದಿಂದ ಸಾಯುತ್ತಿದ್ದೆ. ಹೇಗೋ ಟೆಂಪೋದಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಒಯ್ದರು. ಅವರು ಇಂಜೆಕ್ಷನ್ ಕೊಟ್ಟು, ಉಸಿರು ಸರಿಹೋದ ಮೇಲೆ ಪಕ್ಕದಲ್ಲಿ ಕೂತು ಹೇಳಿದರು: "ಇದಕ್ಕೆ ಅಲರ್ಜಿ ಅಂತಾರೆ ಅಕ್ಕೋರೆ. ಸೌಟಿಗೆ ತಾಗಿದ್ದೂ ಸಾಕು. ಬಾಯಿ ಜುಮ್ ಅಂದ ಕೂಡ್ಲೆ ಈ ಮಾತ್ರೆ ತಕಳಿ. ಆದ್ರೆ ಮಾತ್ರೆ ನಂಬ್ಕಂಡು ಕೂರಬೇಡಿ, ಓಡಿ ಬನ್ನಿ."

ಅಂದಿನಿಂದ ನಾನು ಒಬ್ಬಳೇ ಉಣ್ಣತೊಡಗಿದೆ. ಶಾಲೆಯಲ್ಲಿ ಮಧ್ಯಾಹ್ನ ಉಳಿದ ಶಿಕ್ಷಕರು ಡಬ್ಬಿ ಬಿಚ್ಚಿ ಪಲ್ಯ, ಸಾರು ಹಂಚಿಕೊಳ್ಳುವಾಗ ನಾನು ಮೂರನೇ ತರಗತಿಯ ಕೋಣೆಯಲ್ಲಿ, ಬರೆದಿಟ್ಟ ಮಗ್ಗಿಯ ಎದುರು ಕೂತು ಉಣ್ಣುತ್ತಿದ್ದೆ. ಮದುವೆ ಮನೆಗಳಲ್ಲಿ ತಲೆನೋವು ಬರಿಸಿಕೊಂಡೆ. ಎರಡು ವರ್ಷ ಕರೆದವರು ಮೂರನೇ ವರ್ಷ ಕರೆಯಲಿಲ್ಲ. ಭಟ್ಕಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರದು ಒಣ ಶೆಟ್ಲಿಯ ವ್ಯಾಪಾರ. ಅಂಗಳದ ತುಂಬ ಒಣಗಲು ಹರವಿದ್ದರಂತೆ. ಆ ಸಂಬಂಧ ಏಕೆ ಬೇಡವೆಂದು ನಾನು ಯಾರಿಗೂ ಹೇಳಲಿಲ್ಲ. ಹುಡುಗ ಕಪ್ಪೆಂದು ಬಿಟ್ಟಳು ಎಂದು ಊರು ತೀರ್ಮಾನಿಸಿತು. ಅವನು ನನಗಿಂತ ಬೆಳ್ಳಗಿದ್ದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮೇ ತಿಂಗಳಲ್ಲಿ ಮುಂಬಯಿಯಲ್ಲಿದ್ದ ಅಣ್ಣನಿಂದ ಕಾಗದ ಬಂತು. ಮಗಳು ಹುಟ್ಟಿದ್ದಾಳೆ, ಹೆಸರಿಡುವುದಕ್ಕೆ ಬಾ, ಪಣಜಿಯಿಂದ ಹಡಗಿನಲ್ಲಿ ಬಾ ಎಂದು ಬರೆದಿದ್ದ. ಪಣಜಿಯಲ್ಲಿ ಬೆಳಿಗ್ಗೆ ಹತ್ತಿದರೆ ಮರುದಿನ ಬೆಳಿಗ್ಗೆ ಮುಂಬಯಿ. ಆಯಿಗೆ ಕಾಗದ ಓದಿ ಹೇಳಿದೆ.

"ಬಸ್ಸಿಗೆ ಹೋಗು. ನಡೂ ಸಮುದ್ರದಲ್ಲಿ ಬಾಯಿ ಊದ್ಕಂಡ್ರೆ ಡಾಕ್ಟ್ರು ಎಂತ ಈಜ್ಕಂಡು ಬರ್ತಾರಾ?" ಎಂದಳು.

ಮಾತು ಸರಿಯೇ. ಆದರೆ ಹೆಣ್ಣೆಂಬ ಕಾರಣಕ್ಕೆ ಅಪ್ಪ ನನ್ನನ್ನು ಒಮ್ಮೆಯೂ ದೋಣಿ ಹತ್ತಿಸಿರಲಿಲ್ಲ. ಹುಟ್ಟಿದಾಗಿನಿಂದ ಸಮುದ್ರವನ್ನು ದಡದಿಂದಷ್ಟೇ ನೋಡಿದ್ದೆ. ಒಮ್ಮೆ ಸಮುದ್ರದ ಮೇಲಿಂದ ದಡವನ್ನು ನೋಡಬೇಕೆನಿಸಿತು. ನನ್ನ ಹಟ ನೋಡಿದ ಆಯಿ ಶೆಟ್ಲಿ ತಾಗದ ಹೊಸ ಮಡಕೆ ತಂದು, ಯುದ್ಧಕ್ಕೆ ಕಳಿಸುವವಳಂತೆ ಬುತ್ತಿ ಕಟ್ಟಿದಳು: ಅಕ್ಕಿರೊಟ್ಟಿ, ಬೇಯಿಸಿದ ಮೊಟ್ಟೆ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಒಂದು ತಂಬಿಗೆ ನೀರು. ಮಾತ್ರೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಯಾವುದನ್ನೂ ಮರೆತಿಲ್ಲವೆಂಬ ಹೆಮ್ಮೆಯಿಂದ ಹೊರಟೆ.

ಹಡಗಿನ ಡೆಕ್ಕಿನ ಮೇಲೆ ಜನ ಚಾಪೆ ಹಾಸಿ ಸಂಸಾರ ಹೂಡಿದ್ದರು. ನಾನು ಅಡುಗೆಮನೆಯ ಹೊಗೆ ತಾಗದ ಮೂಲೆ ಹುಡುಕಿ ಕೂತೆ. ಪಕ್ಕದ ಚಾಪೆಯಲ್ಲಿ ಭಟ್ಕಳದ ಹತ್ತಿರದ ಜಾಲಿಯ ಹಲೀಮಾಬಿ ಎಂಬ ಹಿರಿಯ ಹೆಂಗಸು. ಮುಂಬಯಿಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ಜೊತೆಗೆ ಬಂದಿದ್ದ ತಮ್ಮನ ಮಗ ಹತ್ತಿದ ಕೂಡಲೇ ಇಸ್ಪೀಟಿನ ಗುಂಪು ಸೇರಿದ್ದ. ಅಷ್ಟು ಜನರ ಕೊಂಕಣಿ, ಮರಾಠಿಯ ನಡುವೆ ನನ್ನ ಕನ್ನಡ ಕೇಳಿ ಅವರ ಮುಖ ಅರಳಿತು. ಅರ್ಧ ಗಂಟೆಯಲ್ಲಿ ನನ್ನ ಶಾಲೆ, ಅವರ ಮಂಡಿನೋವು, ಎಲ್ಲವೂ ವಿನಿಮಯವಾದವು. ದಡ ದೂರವಾಗಿ ತೆಂಗಿನ ಮರಗಳು ಹಸಿರು ಗೀಟಾದವು. ಎಷ್ಟೋ ವರ್ಷಗಳ ಮೇಲೆ ಒಬ್ಬರ ಪಕ್ಕ ಕೂತು ಸುಮ್ಮನೆ ಮಾತಾಡುತ್ತಿದ್ದೇನೆ ಎನಿಸಿ ನನಗೆ ಖುಷಿಯಾಗಿತ್ತು.

ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿದರು. ಪರಿಮಳದಿಂದಲೇ ನನಗೆ ಗೊತ್ತಾಯಿತು.

"ತಿನ್ನಿ ಅಕ್ಕೋರೆ. ನನ್ನ ಕೈಯ್ಯಾರೆ ಮಾಡಿದ್ದು. ಶೆಟ್ಲಿ ಅನ್ನ."

ನಿಜ ಹೇಳಿದರೆ ನಗುತ್ತಾರೆ, ಆಮೇಲೆ 'ಸ್ವಲ್ಪ ತಿನ್ನಿ' ಎನ್ನುತ್ತಾರೆ. ನಾನು ಹೇಳಿದೆ: "ಬೇಡ ಅಮ್ಮ. ಇವತ್ತು ನಂಗೆ ಉಪವಾಸ."

ಅವರ ಮುಖದಲ್ಲಿ ಗೌರವ ಮೂಡಿತು. "ಆತು, ಆತು. ದೇವರ ಹೆಸರಲ್ಲಿ ಹಸಿದವರ ಎದುರು ಕೂತು ತಿನ್ನಬಾರದು" ಎಂದು ತಾವೂ ಎರಡೇ ತುತ್ತು ಉಂಡು ಡಬ್ಬಿ ಮುಚ್ಚಿಬಿಟ್ಟರು. ನಾನು ಎಷ್ಟು ಬೇಡಿಕೊಂಡರೂ ಮತ್ತೆ ತೆರೆಯಲಿಲ್ಲ.

ಸುಳ್ಳು ಭಕ್ತಿಗೆ ಹೊಟ್ಟೆ ಸಾಥ್ ಕೊಡುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಕಣ್ಣು ಕತ್ತಲೆ ಬರತೊಡಗಿತು. ಕಾಲು ಜೋಮು ಹಿಡಿದಿದೆ ಎಂದು ಎದ್ದು, ಏಣಿಮೆಟ್ಟಿಲ ಹಿಂದೆ ಅಡಗಿ ಕೂತು ರೊಟ್ಟಿ ತಿಂದೆ. ಮೊಟ್ಟೆಯ ಸಿಪ್ಪೆ ಸುಲಿದು ಬಾಯಿಗಿಟ್ಟ ಕ್ಷಣದಲ್ಲಿ ತಲೆ ಎತ್ತಿದರೆ ಎದುರಿಗೆ ಹಲೀಮಾಬಿ. ಮುಖ ತೊಳೆಯಲು ಹೋಗುತ್ತಿದ್ದವರು ನಿಂತಿದ್ದರು.

"ಬೇಡ ಅಂದ್ರೆ ಬೇಡ ಅನ್ನಬಹುದಿತ್ತು ಅಕ್ಕೋರೆ" ಎಂದರು ಮೆಲ್ಲಗೆ. "ದೇವರನ್ನ ಎಂತಕ್ಕೆ ನಡುವೆ ತಂದ್ರಿ?"

ಬಾಯಲ್ಲಿ ಮೊಟ್ಟೆ. ಅವರು ಹೋಗಿ ಚಾಪೆಯನ್ನು ಎರಡು ಮಾರು ಆಚೆ ಎಳೆದುಕೊಂಡು, ನನಗೆ ಬೆನ್ನು ಮಾಡಿ ಕೂತರು.

ನಮ್ಮ ದೇಶದಲ್ಲಿ ಒಬ್ಬರ ಕೈಯ ಅನ್ನ ಬೇಡವೆನ್ನುವುದಕ್ಕೆ ಒಂದೇ ಅರ್ಥ. ಆ ಅರ್ಥವನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೀನು ಮಾರುವ ಆಯಿಯ ಜೊತೆ ಹೋದಾಗ ದೊಡ್ಡ ಮನೆಗಳ ಅಂಗಳದಲ್ಲಿ ಬೊಗಸೆಗೆ ಮೇಲಿನಿಂದ ಸುರಿಸಿದ ನೀರು ಕುಡಿದವಳು ನಾನು. ಆ ನೀರಿನ ರುಚಿ ಗೊತ್ತಿದ್ದೂ ಅದನ್ನೇ ಇವರಿಗೆ ಕುಡಿಸಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದೆ. ಮೊದಲ ಅರ್ಧವನ್ನೇ ಜೀವನವೆಲ್ಲ ಅಭ್ಯಾಸ ಮಾಡಿದ್ದೆ.

ನಾಚಿಕೆಯಾದಾಗ ಮನುಷ್ಯರಿಗೆ ಎಚ್ಚರ ತಪ್ಪುತ್ತದೆ. ಅಳು ನುಂಗಲು ನೀರು ಬೇಕಿತ್ತು. ನನ್ನ ತಂಬಿಗೆ ಅವರ ಬೆನ್ನ ಹಿಂದೆಯೇ, ನಾನು ಕೂತಿದ್ದ ಮೂಲೆಯಲ್ಲಿತ್ತು. ಅತ್ತ ಹೋಗುವ ಧೈರ್ಯವಿಲ್ಲದೆ ಹಡಗಿನ ನೀರಿನ ಪೀಪಾಯಿಗೆ ಸರಪಳಿ ಹಾಕಿ ಕಟ್ಟಿದ್ದ ಲೋಟದಲ್ಲಿ, ನೂರಾರು ಜನ ಉಂಡ ಕೈಯಲ್ಲಿ ಹಿಡಿದು ಕುಡಿದಿದ್ದ ಲೋಟದಲ್ಲಿ, ಗಟಗಟನೆ ಕುಡಿದುಬಿಟ್ಟೆ. ಲೋಟ ಕೆಳಗಿಡುವಷ್ಟರಲ್ಲಿ ತುಟಿ ಜುಮ್ಮೆಂದಿತು.

ಮಾತ್ರೆ ನುಂಗಿದೆ. ಕಂಬಿ ಹಿಡಿದು ನಿಂತೆ. ಸುತ್ತ ಜನ ಹಾಡುತ್ತಿದ್ದರು, ಮಕ್ಕಳಿಗೆ ಹೊಡೆಯುತ್ತಿದ್ದರು, ಗೊರಕೆ ಹೊಡೆಯುತ್ತಿದ್ದರು. ಇಷ್ಟು ಜನರ ನಡುವೆ ನಾನು ಸತ್ತರೆ ಏಕೆ ಸತ್ತೆನೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಮೂರನೇ ತರಗತಿಯ ಕೋಣೆಯಲ್ಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ. ಮೇಲ್ದುಟಿ ದಪ್ಪವಾಗುತ್ತಿತ್ತು. ಇಡೀ ಹಡಗಿನಲ್ಲಿ ನನ್ನ ಹೆಸರು ಗೊತ್ತಿದ್ದದ್ದು ಒಬ್ಬರಿಗೆ. ಅವರು ನನಗೆ ಬೆನ್ನು ಮಾಡಿದ್ದರು.

ಹೋಗಿ ಆ ಬೆನ್ನಿನ ಹಿಂದೆ ಕೂತೆ. "ಅಮ್ಮ, ಜಾತಿಗೆ ಅಲ್ಲ. ನಂಗೆ ಶೆಟ್ಲಿ ಆಗೂದಿಲ್ಲ. ತಾಗಿದ್ರೂ ಗಂಟ್ಲು ಮುಚ್ಕಂತದೆ. ಈಗ ಶುರು ಆಯ್ತು."

ಅವರು ತಿರುಗಿದರು. ನನ್ನ ತುಟಿ ನೋಡಿದರು. "ಯಾ ಅಲ್ಲಾ! ಇದನ್ನ ಮಧ್ಯಾಹ್ನವೇ ಹೇಳೂಕೆ ಎಂತ ಆಗಿತ್ತು ನಿಮಗೆ?"

"ನಗ್ತೀರಿ ಅಂತ."

"ನಾನು ಎಂತಕ್ಕೆ ನಗೂದು?" ಎಂದರು. "ಈಗ ನಾನು ಎಂತ ಮಾಡಬೇಕು, ಅದನ್ನ ಹೇಳಿ."

ಈ ಪ್ರಶ್ನೆಯನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ಕೈ ತೊಳ್ಕಂಡು ಹತ್ರ ಕೂತ್ಕಳಿ" ಎಂದೆ. ಅವರು ಸೋಪು ಹಚ್ಚಿ ಮೂರು ಸಲ ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ತಮ್ಮನ ಮಗನನ್ನು ಇಸ್ಪೀಟಿನಿಂದ ಎಬ್ಬಿಸಿ ಡಾಕ್ಟರನ್ನು ಹುಡುಕಲು ಅಟ್ಟಿದರು. ಹಡಗಿನಲ್ಲಿ ಡಾಕ್ಟರಿರಲಿಲ್ಲ. ಮುಂದಿನ ಬಂದರಿಗೆ ಇನ್ನೊಂದು ಗಂಟೆ, ಬೇಕಾದರೆ ಅಲ್ಲಿ ಇಳಿಸುತ್ತೇವೆ ಎಂದು ಹಡಗಿನವರು ಹೇಳಿ ಕಳಿಸಿದರು. ಆ ಒಂದು ಗಂಟೆ ಹಲೀಮಾಬಿ ನನ್ನ ಮಣಿಕಟ್ಟು ಬಿಡಲಿಲ್ಲ. ಮಿನಿಟಿಗೊಮ್ಮೆ "ಉಸಿರು ಬರ್ತದಾ?" ಎನ್ನುತ್ತಿದ್ದರು. "ಬರ್ತದೆ" ಎಂದು ಹೇಳಿ ಹೇಳಿಯೇ ಉಸಿರು ಸೋತುಹೋಗುವಂತಿತ್ತು. ಬಂದರು ಕಾಣುವ ಹೊತ್ತಿಗೂ ಗಂಟಲು ಬಿಗಿದಿರಲಿಲ್ಲ, ತುಟಿಯ ಊತವೂ ಅರ್ಧಕ್ಕರ್ಧ ಇಳಿದಿತ್ತು. ಇಳಿಯಬೇಕೋ ಬೇಡವೋ ಎಂದು ಕೇಳಲು ಬಂದ ಹಡಗಿನವನಿಗೆ ಅವರೇ ನನ್ನ ಬಾಯಿ ತೆರೆಸಿ ತೋರಿಸಿ, "ಅಡ್ಡಿಲ್ಲ, ಹೋಗುವಾ" ಎಂದರು.

ಅಷ್ಟರಲ್ಲಿ ಅವರ ಕೃಪೆಯಿಂದ ಇಡೀ ಡೆಕ್ಕಿಗೆ ಸುದ್ದಿಯಾಗಿತ್ತು. ಹೆಂಗಸರು ಸರದಿಯಲ್ಲಿ ಬಂದು, ಹೆಣ್ಣು ನೋಡಲು ಬಂದವರಂತೆ ಕೂತು ನನ್ನ ತುಟಿ ಪರೀಕ್ಷಿಸಿದರು. ಕೆಲವರು ನಕ್ಕರು ಕೂಡ. ಅಷ್ಟೇನೂ ನೋಯಲಿಲ್ಲ.

ಸಂಜೆ ನಾನು ಹಟ ಹಿಡಿದ ಮೇಲೆ ಹಲೀಮಾಬಿ ಊಟಕ್ಕೆ ಒಪ್ಪಿದರು. ಆದರೆ ಡಬ್ಬಿ ಹಿಡಿದು ಡೆಕ್ಕಿನ ಆ ತುದಿಗೆ ಹೋದರು. ಅವರು ಆ ತುದಿಯಲ್ಲಿ ಶೆಟ್ಲಿ ಅನ್ನ ಉಂಡರು, ನಾನು ಈ ತುದಿಯಲ್ಲಿ ಅವಲಕ್ಕಿ ತಿಂದೆ. ನಡುನಡುವೆ ಅವರು ಕೈ ಎತ್ತಿ 'ಹೇಗಿದ್ದೀರಿ' ಎಂದು ಸನ್ನೆ ಮಾಡುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ನಡುವೆ ಇಪ್ಪತ್ತು ಮಾರು ದೂರ. ಜೊತೆಯಾಗಿ ಕೂತು ಉಣ್ಣುವುದೆಂದರೆ ಏನೆಂದು ನನಗೆ ತಿಳಿದದ್ದು ಆ ದಿನ.

ಮುಂಬಯಿಯ ಹಡಗುಕಟ್ಟೆಯಲ್ಲಿ, ನನ್ನೊಬ್ಬಳನ್ನೇ ಹಡಗಿನಲ್ಲಿ ಕರೆಸಿದ್ದಕ್ಕೆ ಅಣ್ಣನಿಗೆ ಒಂದಷ್ಟು ಬೈದು, ಬುದ್ಧಿ ಹೇಳಿ ಹಲೀಮಾಬಿ ಹೊರಟರು. ಮತ್ತೆ ಸಿಗಲಿಲ್ಲ. ಎರಡು ವರ್ಷದ ನಂತರ ಜಾಲಿಗೆ ಹೋಗಿ ಕೇಳಿದಾಗ ಮನೆಗೆ ಬೀಗವಿತ್ತು. ಮಗನ ಬಳಿಯೇ ಉಳಿದರು ಎಂದರು ಪಕ್ಕದ ಮನೆಯವರು. ಬೀಗ ನೋಡಿಕೊಂಡು ಬಸ್ಸಿಗೆ ಬಂದೆ.

ಈಗಲೂ ನನ್ನ ಊಟ ಹೆಚ್ಚಾಗಿ ಒಬ್ಬಳದೇ. ಆದರೆ ಎಲ್ಲಿಗೇ ಹೊರಟರೂ, ಬಸ್ಸು ಬಿಡುವ ಮೊದಲು ಪಕ್ಕದ ಸೀಟಿನವರಿಗೆ ಹೇಳಿಬಿಡುತ್ತೇನೆ: ನಾನು ಹೊನ್ನಾವರದ ಮೀನುಗಾರರ ಮಗಳು, ಶೆಟ್ಲಿ ತಾಗಿದರೆ ಸಾಯುತ್ತೇನೆ. ಹತ್ತರಲ್ಲಿ ಎಂಟು ಜನ ನಗುತ್ತಾರೆ. ಒಬ್ಬರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಇನ್ನೊಬ್ಬರು ಇರುತ್ತಾರೆ, 'ಹಾಗಾದ್ರೆ ನಾನು ಎಂತ ಮಾಡಬೇಕು?' ಎಂದು ಕೇಳುವವರು. ಅವರು ಯಾರೆಂದು ಮುಖ ನೋಡಿ ತಿಳಿಯುವುದಿಲ್ಲ. ಹಾಗಾಗಿ ಹತ್ತೂ ಜನರಿಗೆ ಹೇಳಬೇಕಾಗುತ್ತದೆ.