ಮೆಲಾತಿಯ ಮೊಟ್ಟೆಗಳು

ನಮ್ಮೂರು ಬ್ರೆಬೆಸ್‌ನಲ್ಲಿ ಮೊಟ್ಟೆ ಎಂದರೆ ಬಾತಿನ ಮೊಟ್ಟೆ. ಉಪ್ಪು ಹಾಕಿ ಮಾರುವುದು ಅದನ್ನೇ, ಮರಿ ಮಾಡಿಸುವುದೂ ಅದನ್ನೇ. ಹಾಗಾಗಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಡದ ಮೊಟ್ಟೆಗೆ ಕಾವು ಕೊಡುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದಾಗ ಇಡೀ ಬೀದಿ ನಕ್ಕಿತು. ನಕ್ಕವರೆಲ್ಲ ನನ್ನ ಅಣ್ಣ ತರ್ಮುಜಿಯ ಹೆಸರು ಹೇಳಿಯೇ ನಕ್ಕರು. ಕಾವು ಕೊಡುತ್ತಿದ್ದವಳು ನನ್ನ ಅತ್ತಿಗೆ ವಿನಾರ್ಸಿ. ಗೇಲಿಯಲ್ಲಿಯೂ ಅವಳಿಗೆ ಪಾಲು ಸಿಗಲಿಲ್ಲ.

ಇದು ನಮ್ಮ ಮನೆಗೆ ಹೊಸದೇನಲ್ಲ. ಅಪ್ಪ ಬದುಕಿದ್ದಾಗ ಮನೆಯಂಗಳದಲ್ಲಿ ಬಾತಿನ ಮರಿ ಮಾಡಿಸುವ ಶೆಡ್ಡು ಇತ್ತು. ಸುತ್ತಲ ಊರುಗಳಿಗೆಲ್ಲ ಅದು ಕಾರ್ಮಾದಿಯ ಶೆಡ್ಡು. ಕಾರ್ಮಾದಿ, ಅಂದರೆ ಅಪ್ಪ, ಮೊಟ್ಟೆ ಕೊಂಡು ತರುತ್ತಿದ್ದ, ಮರಿ ಮಾರುತ್ತಿದ್ದ. ನಡುವಿನದೆಲ್ಲ ಅಮ್ಮನದು. ಬಾತಿನ ಮೊಟ್ಟೆಯನ್ನು ದಿನಕ್ಕೆ ಮೂರು ಹೊತ್ತು ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಒಂದೇ ಕಡೆ ಅಂಟಿಕೊಂಡು ಸಾಯುತ್ತದೆ. ನೂರಾರು ಮೊಟ್ಟೆಗಳಲ್ಲಿ ಯಾವುದನ್ನು ತಿರುಗಿಸಿದ್ದು, ಯಾವುದು ಉಳಿದದ್ದು ಎಂದು ತಿಳಿಯುವುದು ಹೇಗೆ? ಅದಕ್ಕೇ ಅಮ್ಮ ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಿಂದ ಗುಣಿಸು ಗುರುತು ಹಾಕುತ್ತಿದ್ದಳು, ಮತ್ತೊಂದು ಬದಿಗೆ ಸೊನ್ನೆ. ಬೆಳಗಿನ ನಮಾಜು ಮುಗಿದಾಗ ಗುಣಿಸು ಮೇಲೆ, ಮಧ್ಯಾಹ್ನ ಸೊನ್ನೆ ಮೇಲೆ, ಸಂಜೆ ಮತ್ತೆ ಗುಣಿಸು, ಮರುದಿನ ತಿರುವುಮುರುವು. ನಾನು ಹುಟ್ಟಿದ ದಿನವೂ ಮಧ್ಯಾಹ್ನದ ಸೊನ್ನೆ ಮುಗಿಸಿಯೇ ಸೂಲಗಿತ್ತಿಯನ್ನು ಕರೆಸಿದಳಂತೆ. ಅಮ್ಮನ ಹೆಸರು ದಾಸ್ವೆನ್ ಎಂಬುದು ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ನನಗೆ ಗೊತ್ತಿಲ್ಲ.

ಅಪ್ಪ ಹೋದಮೇಲೆ ಶೆಡ್ಡು ಮುಚ್ಚಿತು. ಅಣ್ಣನಿಗೆ ಬಾತು ಅಂದರೆ ನಾಚಿಕೆ. ಮಾರುಕಟ್ಟೆಯ ಬಳಿ ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡ, ಶೋಕಿಗೆ ಉಡ ಸಾಕಿದ. ಪಕ್ಕದ ಊರು ತೆಗಾಲ್‌ನ ಗೆಳೆಯನೊಬ್ಬನಿಂದ ಒಂದು ಉಡದ ಮರಿ ತಂದ. ನಮ್ಮ ಕಾಲುವೆಯಲ್ಲಿ ಓಡಾಡುವ ಕಪ್ಪು ಉಡದ ಜಾತಿಯೇ, ಆದರೆ ಇದು ಹುಟ್ಟಾ ಬಿಳಿ. ಅದಕ್ಕೇ ಮೆಲಾತಿ, ಅಂದರೆ ಮಲ್ಲಿಗೆ, ಎಂದು ಹೆಸರಿಟ್ಟ. ಹೆಸರಿಟ್ಟ ದಿನವೇ ಅದು ಅವನ ಹೆಬ್ಬೆರಳು ಕಚ್ಚಿ ನೇತಾಡಿತು.

ಅದನ್ನು ಪಳಗಿಸಿದವಳು ಅತ್ತಿಗೆ. ತಾನು ದಿನವಿಡೀ ಹೊದ್ದ, ಬೆವರಿನ ವಾಸನೆಯ ತಲೆವಸ್ತ್ರವನ್ನು ಒಗೆಯದೆ ಅದರ ಗೂಡಿನೊಳಗೆ ಹಾಕುತ್ತಿದ್ದಳು. ಮೆಲಾತಿ ಅದರೊಳಗೆ ಹುದುಗಿ ಮಲಗುತ್ತಿತ್ತು. ದಿನಾ ಸಂಜೆ ಗೂಡಿನ ಪಕ್ಕ ಕೂತು ಈರುಳ್ಳಿ ಸುಲಿಯುತ್ತಿದ್ದಳು, ಮಾತಿಲ್ಲ, ಮುಟ್ಟುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ತಾನಾಗಿ ಹೊರಬಂದು ಅವಳ ತೊಡೆಯ ಮೇಲೆ ಗದ್ದವಿಟ್ಟಿತು.

ನಸುಕಿನಲ್ಲಿ ಮೀನು ಮಾರುಕಟ್ಟೆಗೆ ಹೋಗಿ ಮೀನಿನ ತಲೆ ಆರಿಸಿ ತರುವವಳು ಅವಳೇ. ಉಡ ನೀರಿನಲ್ಲೇ ಹೇಲುವ ಪ್ರಾಣಿಯಾದ್ದರಿಂದ ತೊಟ್ಟಿ ತೊಳೆದು ದಿನಾ ಹೊಸ ನೀರು ತುಂಬುವವಳೂ ಅವಳೇ. ಪಕ್ಕದ ಮನೆಯ ವಾರ್ಸೆನ್ ಬೇಲಿಯ ಮೇಲಿಂದ ಕೆಣಕುತ್ತಿದ್ದಳು:

"ಏನೇ ವಿನಾರ್ಸಿ, ಗಂಡನ ಬಟ್ಟೆಗಿಂತ ಉಡದ ತೊಟ್ಟೀನೇ ಜಾಸ್ತಿ ಉಜ್ತೀಯಲ್ಲೇ!"

"ಉಡ ಒಂದೇ ಜಾಗದಲ್ಲಿ ಗಲೀಜು ಮಾಡುತ್ತೆ ವಾರ್ಸೆನಕ್ಕ. ನಮ್ಮನೆಯವರು ಅಷ್ಟು ಶಿಸ್ತಿನವರಲ್ಲ," ಎಂದು ಅತ್ತಿಗೆ ತಲೆಯೆತ್ತದೆ ಉಜ್ಜುತ್ತಿದ್ದಳು.

ಭಾನುವಾರ ತೆಗಾಲ್‌ನ ಮೈದಾನದಲ್ಲಿ ಉಡ ಸಾಕುವವರೆಲ್ಲ ಸೇರುತ್ತಾರೆ. ಅಣ್ಣ ಮೆಲಾತಿಯನ್ನು ಹೆಗಲ ಮೇಲೆ ಹೊತ್ತು ಫೋಟೊಕ್ಕೆ ನಿಲ್ಲುತ್ತಿದ್ದ. ಅತ್ತಿಗೆ ನೀರಿನ ಬಾಟಲಿ, ಒರೆಸುವ ಬಟ್ಟೆ ಹಿಡಿದು ಚೌಕಟ್ಟಿನ ಆಚೆ ನಿಂತಿರುತ್ತಿದ್ದಳು. ಒಂದು ಫೋಟೊದಲ್ಲಿ ಅವಳ ಮೊಣಕೈ ಬಂದಿದೆ. ನನ್ನ ಹತ್ತಿರ ಈಗಲೂ ಇದೆ.

ಗೆಳೆಯನ ಗಂಡು ಉಡವನ್ನು ಎರವಲು ತಂದು ಬಿಟ್ಟ ಮೇಲೆ ಮೆಲಾತಿ ಎರಡು ಸಲ ಮೊಟ್ಟೆಯಿಟ್ಟಿತು. ಮೊದಲ ಸಲ ತೋಡಲು ಮಣ್ಣಿಲ್ಲದೆ ತೊಟ್ಟಿಯ ನೀರಿನಲ್ಲೇ ಉದುರಿಸಿತು. ಎರಡನೆಯ ಸಲ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು. ಅಣ್ಣನಿಗೆ ಬೇಸರ ಬಂತು. ಅತ್ತಿಗೆಯದು ಮಾತ್ರ ಉಡದ ಪಟ್ಟು. ಸುರಬಾಯದಲ್ಲಿ ಇದರಲ್ಲಿ ಪಳಗಿದ ಯಾರೋ ಒಬ್ಬರಿದ್ದರು. ಅಣ್ಣನ ಫೋನಿನಿಂದ, ಅಣ್ಣನ ಹೆಸರಿನಲ್ಲಿ, ಅವರಿಗೆ ಪ್ರಶ್ನೆ ಬರೆದು ಕಳಿಸುತ್ತಿದ್ದಳು. "ಭಲೇ ತರ್ಮುಜಿ, ಇಷ್ಟು ಸೂಕ್ಷ್ಮವಾಗಿ ಯಾರೂ ಕೇಳಲ್ಲ" ಎಂದು ಉತ್ತರ ಬರುತ್ತಿತ್ತು. ಅಣ್ಣ ಅದನ್ನು ನನಗೆ ಓದಿ ಹೇಳುತ್ತಿದ್ದ!

ಮೂರನೆಯ ಸಲಕ್ಕೆ ಅವಳು ದೊಡ್ಡ ಡ್ರಮ್ಮಿಗೆ ಹದವಾದ ಒದ್ದೆ ಮಣ್ಣು ತುಂಬಿಸಿಟ್ಟಳು. ಮೆಲಾತಿ ದಿನಗಟ್ಟಲೆ ತೋಡಿತು, ಮುಚ್ಚಿತು, ಮತ್ತೆ ತೋಡಿತು. ಕೊನೆಗೆ ಒಂಬತ್ತು ಮೊಟ್ಟೆಯಿಟ್ಟು ಹೊರಬಂದಾಗ ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಆಮೇಲೆ ಅದು ತಿನ್ನಲಿಲ್ಲ. ಅತ್ತಿಗೆ ಹಸಿ ಬಾತಿನ ಮೊಟ್ಟೆಯ ಹಳದಿಯನ್ನು ಬೆರಳಿಗೆ ಹಚ್ಚಿ ಬಾಯಂಚಿಗೆ ಸವರಿದಳು, ಬೆಚ್ಚಗಿನ ನೀರಲ್ಲಿ ಕೂರಿಸಿದಳು. ಒಂದು ಬೆಳಿಗ್ಗೆ ಅವಳ ತಲೆವಸ್ತ್ರದೊಳಗೆ ಅದು ತಣ್ಣಗಾಗಿತ್ತು.

ಅಣ್ಣ ಒಂದು ದಿನ ಅಂಗಡಿ ತೆರೆಯಲಿಲ್ಲ. ಅತ್ತಿಗೆಗೆ ಅಷ್ಟು ಬಿಡುವಿರಲಿಲ್ಲ. "ಇವಿಷ್ಟು ಹೊರಗೆ ಬಂದ್ಬಿಟ್ರೆ ಸಾಕು. ಇನ್ನೇನೂ ಬೇಡ ನಂಗೆ," ಎಂದಳು ನನಗೆ, ಮೊಟ್ಟೆಗಳ ಪೆಟ್ಟಿಗೆಗೆ ಮುಚ್ಚಳ ಹಾಕುತ್ತಾ.

ಉಡದ ಮೊಟ್ಟೆಯ ನಡತೆಯೇ ಬೇರೆ. ಅದರ ಮರಿ ಚಿಪ್ಪಿನ ಗೋಡೆಗೆ ಅಂಟಿಕೊಂಡೇ ಬೆಳೆಯುತ್ತದೆ. ತಿರುಗಿಸಿದರೆ ಒಳಗೇ ಮುಳುಗಿ ಸಾಯುತ್ತದೆ. ಅದಕ್ಕೇ ಅವಳು ಮಣ್ಣಿನಿಂದ ಎತ್ತುವಾಗಲೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲಿನಿಂದ ಒಂದು ಗುಣಿಸು ಗುರುತು ಹಾಕಿದ್ದಳು, ಮೇಲಿದ್ದದ್ದು ಕೊನೆಯವರೆಗೂ ಮೇಲೇ ಇರಲಿ ಎಂದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹರಡಿ, ಮೊಟ್ಟೆಗಳನ್ನು ಅರ್ಧ ಹುದುಗಿಸಿ, ಡಬ್ಬಿಯನ್ನು ಬಲ್ಬಿನ ಪೆಟ್ಟಿಗೆಯೊಳಗಿಟ್ಟಳು. ಆರೇಳು ತಿಂಗಳ ಕೆಲಸ. ನಡುವೆ ಒಮ್ಮೆ ನನ್ನನ್ನು ಕರೆದು ಡಬ್ಬಿಯ ಪಕ್ಕದಿಂದ ಟಾರ್ಚ್ ಹಿಡಿದು ತೋರಿಸಿದಳು. ಚಿಪ್ಪಿನೊಳಗೆ ಕೆಂಪು ದಾರಗಳು ಹರಡಿಕೊಂಡಿದ್ದವು. ಒಂದರಲ್ಲಿ ಏನೋ ಮಿಸುಕಿತು. ಅತ್ತಿಗೆ ಟಾರ್ಚ್ ಆರಿಸಿ ಮೆಲ್ಲಗೆ ಮುಚ್ಚಳ ಹಾಕಿದಳು.

ಅಮ್ಮ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. "ಹಲ್ಲಿ ನಾತ ಹೊಡಿಯುತ್ತೆ, ನಂಗೆ ಆಗಲ್ಲ," ಎನ್ನುತ್ತಿದ್ದಳು. ಆದ್ದರಿಂದ ಅಮ್ಮನಿಗೆ ಇದನ್ನೆಲ್ಲ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಹೀಗಿರುವಾಗ ಅತ್ತಿಗೆಯ ತವರೂರು ಪೆಮಾಲಾಂಗ್‌ನಿಂದ ಅವಳ ಅಪ್ಪ ತೀರಿಕೊಂಡ ಸುದ್ದಿ ಬಂತು. ಏಳು ದಿನದ ಪ್ರಾರ್ಥನೆ ಮುಗಿಯುವವರೆಗೂ ಹಿರಿಯ ಮಗಳು ಅಲ್ಲೇ ಇರಬೇಕು. ಬಂದವರಿಗೆಲ್ಲ ಅನ್ನ ಬೇಯಿಸುವವರು ಬೇಕಲ್ಲ. ಕಣ್ಣು ಊದಿಸಿಕೊಂಡು, ಚಪ್ಪಲಿ ಮೆಟ್ಟುತ್ತಲೇ ಅಣ್ಣನಿಗೆ ಹೇಳಿದಳು:

"ಥರ್ಮಾಮೀಟರ್ ನೋಡಿ. ಬಲ್ಬ್ ಹೋದ್ರೆ ಇನ್ನೊಂದು ಅಲ್ಲೇ ಇಟ್ಟಿದೀನಿ. ಮೊಟ್ಟೆ ಮಾತ್ರ ಮುಟ್ಬೇಡಿ, ಅಲುಗಿಸ್ಲೂ ಬೇಡಿ. ಗೊತ್ತಾಯ್ತಾ?"

"ಆಯ್ತು ಮಾರಾಯ್ತಿ, ನಾನೇನು ಚಿಕ್ಕ ಮಗೂನಾ?" ಎಂದ ಅಣ್ಣ. ಕೈಯಲ್ಲಿ ಯಾರದೋ ಬಿಚ್ಚಿದ ಫೋನಿತ್ತು.

ಎರಡನೆಯ ದಿನಕ್ಕೇ ಗೆಳೆಯರು ಸಮುದ್ರಕ್ಕೆ ಮೀನು ಹಿಡಿಯಲು ಕರೆದರು. ಅಣ್ಣ ಹೊಸಿಲು ದಾಟುವಾಗ ಅಡುಗೆಮನೆಯ ಕಡೆ ಕೂಗಿದ: "ಅಮ್ಮಾ, ಒಳಗಿನ ಮೊಟ್ಟೆಗಳನ್ನ ಸ್ವಲ್ಪ ನೋಡ್ಕೋ." ಅಷ್ಟೇ.

ಆ ವಾರವೆಲ್ಲ ನಾನು ಈರುಳ್ಳಿ ಕೊಯ್ಲಿಗೆ ನಸುಕಿನಲ್ಲೇ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆ. ಏಳನೆಯ ದಿನ ಮುಗಿಸಿ ಅತ್ತಿಗೆ ಮರಳಿದಾಗ ಮಾತ್ರ ಮನೆಯಲ್ಲಿದ್ದೆ. ಗಂಟು ಕೆಳಗಿಡದೆ ಹಿಂದಿನ ಕೋಣೆಗೆ ಹೋದಳು. ಹೊರಗೆ ಬರಲೇ ಇಲ್ಲ. ನಾನು ಇಣುಕಿದೆ. ಡಬ್ಬಿಯ ಮುಚ್ಚಳ ತೆಗೆದಿತ್ತು. ಮೊಟ್ಟೆಗಳು ಸಾಲಾಗಿ, ಒಪ್ಪವಾಗಿ ಕೂತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೆ ಪೆನ್ಸಿಲಿನಿಂದ ಬರೆದ ಒಂದೊಂದು ಪುಟ್ಟ ಸೊನ್ನೆ.

ಆ ಸೊನ್ನೆ ನೋಡಿಕೊಂಡೇ ಬೆಳೆದವಳು ನಾನು. ಅಷ್ಟೇ ದುಂಡಗೆ, ಅಷ್ಟೇ ಜೋಪಾನವಾಗಿ ಬರೆದಿತ್ತು.

ಅಡುಗೆಮನೆಯಿಂದ ಅಮ್ಮ ಬಟ್ಟೆಗೆ ಕೈಯೊರೆಸಿಕೊಳ್ಳುತ್ತಾ ಬಂದಳು. ಸೊಸೆಗೆಂದು ತೆಂಪೆಯ, ಅಂದರೆ ಹುದುಗಿಸಿದ ಸೋಯಾಕಾಳಿನ, ಬಿಲ್ಲೆ ಕರಿದಿದ್ದಳು, ಮಣ್ಣಿನ ಕುಡಿಕೆಯಲ್ಲಿ ಟೀ ಇಟ್ಟಿದ್ದಳು. ಇಷ್ಟು ವರ್ಷಗಳಲ್ಲಿ ಅಮ್ಮನ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ.

"ಒಂದು ಹೊತ್ತೂ ತಪ್ಪಿಸಿಲ್ಲ ಕಣೇ ವಿನಾರ್ಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನೀನು ಒಂದೇ ಕಡೆ ಗುರುತು ಹಾಕಿದ್ದೆಯಲ್ಲ, ಇನ್ನೊಂದು ಕಡೆದು ಮರ್ತಿದ್ದೀಯ ಅಂತ ನಾನೇ ಹಾಕ್ದೆ. ಮೊದ್ಲೇ ಹೇಳ್ಬಾರ್ದಿತ್ತಾ? ಒಬ್ಳೇ ಎಲ್ಲಾ ಮಾಡ್ಕೊಂಡು ಒಣಗಿ ಹೋಗಿದೀಯ. ಇದೊಂದು ಕೆಲಸ ನಂಗೆ ಬರಲ್ವೇನೇ?"

ಅತ್ತಿಗೆ ಮುಚ್ಚಳ ಹಾಕಿದಳು. "ಚೆನ್ನಾಗಿ ನೋಡ್ಕೊಂಡಿದೀರ ಅತ್ತೆ," ಎಂದಳು. ಆಮೇಲೆ ಕೂತು ತೆಂಪೆ ತಿಂದಳು, ಪೂರ್ತಿ.

ಪಾತ್ರೆ ತೊಳೆಯುವಾಗ ನಾನು ಕೇಳಿದೆ, "ಈಗಲಾದ್ರೂ ತಿರುಗಿಸಿ ಮೊದಲಿನ ಹಾಗೆ ಇಟ್ರೆ?"

"ಇಷ್ಟು ಸಲ ಹೊರಳಿದ ಮೇಲೆ ಏನೂ ಉಳಿಯಲ್ಲ."

"ಅಣ್ಣಂಗೆ ಹೇಳು ಮತ್ತೆ. ಅವನೇ ತಾನೇ..."

"ಹೇಳಿದ್ರೆ ಏನಾಗುತ್ತೆ? ಅತ್ತೇನ ಬೈತಾರೆ. ತಾವು ಮರ್ತಿದ್ದು ಅವರ ನೆನಪಿಗೇ ಬರಲ್ಲ." ಬಾಣಲೆಯ ತಳ ಉಜ್ಜುತ್ತಲೇ ಇದ್ದಳು. "ಅತ್ತೆ ಮುಖ ನೋಡ್ದೆ ತಾನೆ ನೀನು? ಬಾಯಿ ಮುಚ್ಕೊಂಡಿರು."

ಮೊಟ್ಟೆಗಳು ಒಂದೊಂದಾಗಿ ಕುಗ್ಗಿದವು, ಬೂದಿ ಬಣ್ಣಕ್ಕೆ ತಿರುಗಿದವು. ಅಮ್ಮ ಏಳುವ ಮುಂಚೆಯೇ ಅತ್ತಿಗೆ ಕೆಟ್ಟದ್ದನ್ನು ತೆಗೆದು ಈರುಳ್ಳಿ ಮಡಿಯ ಅಂಚಿನಲ್ಲಿ ಹೂಳುತ್ತಿದ್ದಳು. ಅಣ್ಣ ನೋಡಿ ಕೂಗಾಡಿದ. "ಹೋಗೋ ಮುಂಚೆ ನೀರು ಜಾಸ್ತಿ ಹಾಕ್ಬಿಟ್ಟಿದ್ದೆ," ಎಂದಳು. ಅವನು ಅದನ್ನು ಗೆಳೆಯರ ಗುಂಪಿನಲ್ಲಿ ಬರೆದು ಹಾಕಿದ: ಹೆಂಡತಿ ಮೆಲಾತಿಯ ಮರಿಗಳನ್ನು ನೀರಲ್ಲಿ ಮುಳುಗಿಸಿ ಕೊಂದಳು. ಉಡದ ಲೋಕದಲ್ಲಿ ನನ್ನ ಅತ್ತಿಗೆಯ ಪ್ರಸ್ತಾಪ ಬಂದದ್ದು ಅದೊಂದೇ ಸಲ. ಸುರಬಾಯದವರೂ ಸಂತಾಪ ಹೇಳಿದರು, ತರ್ಮುಜಿಗೆ.

ಅಮ್ಮ ಮಾತ್ರ ಮೂರು ಹೊತ್ತು ಹೋಗಿ ತಿರುಗಿಸುತ್ತಲೇ ಇದ್ದಳು. ಅತ್ತಿಗೆ ತಡೆಯಲಿಲ್ಲ. "ಮೊಟ್ಟೆ ಕಮ್ಮಿ ಆಗ್ತಿದೆಯಲ್ಲೇ," ಎಂದಾಗ, "ಅವು ಮೊದಲಿಂದ್ಲೂ ಪೊಳ್ಳಿದ್ದವು ಅತ್ತೆ," ಎನ್ನುತ್ತಿದ್ದಳು. ಮರಿ ಕಟ್ಟದ ಪೊಳ್ಳು ಮೊಟ್ಟೆ ಅಮ್ಮನಿಗೆ ಹೊಸದಲ್ಲ, ಒಪ್ಪಿಕೊಂಡಳು.

ಕೊನೆಗೆ ಒಂದು ಉಳಿಯಿತು. ಒಂದು ಮುಸ್ಸಂಜೆ, ಕರೆಂಟು ಹೋಗಿದ್ದಾಗ, ಅಮ್ಮ ಆ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು. ನಾವಿಬ್ಬರೂ ನೆಲದ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದೆವು. ಅಮ್ಮ ಒಲೆಯ ಪಕ್ಕ ಕೂತು, ಟಾರ್ಚಿನ ಬಾಯಿಗೆ ಮೊಟ್ಟೆಯಿಟ್ಟು ನೋಡಿದಳು. ಹಳೆಯ ಅಭ್ಯಾಸ. ಕೆಂಪು ದಾರ ಒಂದೂ ಇರಲಿಲ್ಲ. ತಳದಲ್ಲಿ ಕಪ್ಪಗೆ ಏನೋ ಕೂತಿತ್ತು, ಅಮ್ಮ ಓರೆ ಮಾಡಿದರೆ ಅದೂ ಮೆಲ್ಲಗೆ ಓರೆಯಾಗುತ್ತಿತ್ತು. ಅಮ್ಮ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದು ಪೊಳ್ಳಲ್ಲ. ಇದರಲ್ಲಿ ಮರಿ ಇತ್ತು," ಎಂದಳು.

ಅತ್ತಿಗೆಯ ಚಾಕು ನಿಂತಿತು.

"ಬಾಲ ಬಂದಿತ್ತು. ಇಲ್ಲಿ ನೋಡು. ಉಳಿದವೂ ಹೀಗೇ ಇದ್ವಾ?"

ಅತ್ತಿಗೆ ನೆಲದ ಮೇಲಿನ ಸಿಪ್ಪೆ ಒಟ್ಟುಮಾಡಿದಳು. ಅಮ್ಮ ಟಾರ್ಚ್ ಆರಿಸಲಿಲ್ಲ.

"ಇವನ್ನ ತಿರುಗಿಸ್ಬಾರ್ದಾ?"

ಅತ್ತಿಗೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಕೂತ ನನ್ನ ಅಮ್ಮನಿಗೆ ಸುಳ್ಳು ಹೇಳುವುದು ಹೇಗೆ? "ತಿರುಗಿಸ್ಬಾರ್ದು ಅತ್ತೆ," ಎಂದಳು ಅತ್ತಿಗೆ.

"ತರ್ಮುಜಿಗೆ ಗೊತ್ತಿತ್ತಾ?"

"ಹೇಳಿಟ್ಟು ಹೋಗಿದ್ದೆ."

ಅಮ್ಮ ಟಾರ್ಚನ್ನು ನೆಲದ ಮೇಲಿಟ್ಟಳು. ಆಮೇಲೆ, "ನೀನು ಬಂದ ಮೇಲೂ ಇಷ್ಟು ದಿನ ತಿರುಗಿಸ್ದೆ ನಾನು. ಒಂದ್ಸಲನಾದ್ರೂ ನನ್ನ ಕೈ ಹಿಡಿಬಾರ್ದಿತ್ತೇನೇ?" ಎಂದಳು. ಕೋಪದಿಂದಲ್ಲ.

ಅತ್ತಿಗೆ ಆಗ ಅತ್ತಳು. ತನ್ನ ಅಪ್ಪ ಸತ್ತಾಗ ಅತ್ತು ಮುಗಿಯದ್ದನ್ನು, ಮೆಲಾತಿ ಸತ್ತಾಗ, ಸೊನ್ನೆ ನೋಡಿದಾಗ ಅಳದೆ ಉಳಿದದ್ದನ್ನೆಲ್ಲ ಸೇರಿಸಿ ಅತ್ತಳು. ಈರುಳ್ಳಿ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. ಅಮ್ಮ ಮೊಟ್ಟೆಯನ್ನು ಕೆಳಗಿಡಲೂ ಹೆದರಿದವಳಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಗುಣಿಸು ಗುರುತು ಮೇಲಿತ್ತು.

"ಕತ್ತಲಲ್ಲೇ ಕೂತಿದೀರಲ್ಲ, ಟೀ ಇಲ್ವಾ ಇವತ್ತು?" ಎಂದು ಜಗಲಿಯಿಂದ ಅಣ್ಣ ಕೂಗಿದ.

ಅಭ್ಯಾಸಬಲ, ನಾನು ಎದ್ದೆ. ಅಮ್ಮ ನನ್ನ ಲಂಗದ ಅಂಚು ಹಿಡಿದು ಕೂರಿಸಿದಳು. ಅವನು ಇನ್ನೆರಡು ಸಲ ಕೂಗಿ, ಚಪ್ಪಲಿ ಎಳೆಯುತ್ತಾ ಅಂಗಡಿಬೀದಿಗೆ ಹೋದ ಸದ್ದು ಕೇಳಿತು.

ಮಳೆ ಶುರುವಾಗುವ ಮುಂಚೆ ಅಣ್ಣ ಇನ್ನೊಂದು ಜೋಡಿ ಉಡ ತಂದ. ಅತ್ತಿಗೆ ಕೋಣೆಯ ಬಾಗಿಲವರೆಗೂ ಹೋಗಲಿಲ್ಲ. ತೊಟ್ಟಿ ನಾತ ಹೊಡೆಯಿತು, ವಾರ್ಸೆನ್ ಬೇಲಿಯ ಮೇಲಿಂದ ಬೈದಳು, ಅಣ್ಣ ಅವನ್ನು ಯಾರಿಗೋ ಕೊಟ್ಟುಬಿಟ್ಟ. ಈಗ ಆ ಕೋಣೆಯಲ್ಲಿ ಈರುಳ್ಳಿ ಕಟ್ಟುಗಳು ತೂಗುತ್ತವೆ.

ಅಮ್ಮ ಅಂದಿನಿಂದ ಯಾವ ಮೊಟ್ಟೆಯನ್ನೂ ಕೈಗೆತ್ತಿಕೊಂಡಿಲ್ಲ. ಆದರೆ ಬ್ರೆಬೆಸ್‌ನ ಹೆಂಗಸು, ಉಪ್ಪು ಮೊಟ್ಟೆಯಿಲ್ಲದೆ ಅನ್ನ ಇಳಿಯದು. ಅತ್ತಿಗೆಯೇ ಅದನ್ನು ಚಿಪ್ಪಿನ ಸಮೇತ ಎರಡಾಗಿ ಸೀಳಿ, ಹಳದಿ ಮೇಲೆ ಬರುವಂತೆ ತಟ್ಟೆಯಲ್ಲಿಟ್ಟು ಕೊಡುತ್ತಾಳೆ. ಅಮ್ಮ ತಟ್ಟೆಯನ್ನು ಅಲುಗಿಸದೆ, ತುದಿಬೆರಳಲ್ಲಿ ಸ್ವಲ್ಪಸ್ವಲ್ಪವೇ ತೆಗೆದು ತಿನ್ನುತ್ತಾಳೆ.