ಮಳೆ ಹೇಳುತ್ತಿದ್ದ ಫಕೀರವ್ವ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿಯ ಬಟ್ಟಲು ಹಿಡಿದು ಬಗ್ಗಿದವಳು ಮೊದಲ ಎಳೆ ಎಳೆಯುವ ಮುಂಚೆ ತಲೆಯೆತ್ತಿ ಎದುರುಮನೆಯ ಕಟ್ಟೆಯನ್ನು ನೋಡಿದೆ. ಒಳಗೆ ಚಹಾಕ್ಕೆ ಇಟ್ಟ ನೀರು ಕುದಿಯುತ್ತಿತ್ತು. ನಮ್ಮ ಮನೆಯವರು ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದಿನಿಂದಲೇ ಕೂಗಿದರು, "ಹೆಂಗೈತಿ ಇವತ್ತ?"

ಅವರು ಕೇಳಿದ್ದು ಹವಾಮಾನವನ್ನು. ಯರಗುಪ್ಪಿಯ ನಮ್ಮ ಓಣಿಯಲ್ಲಿ ಅದಕ್ಕಾಗಿ ಯಾರೂ ಆಕಾಶ ನೋಡುತ್ತಿರಲಿಲ್ಲ. ಫಕೀರವ್ವನ ಕಾಲು ನೋಡುತ್ತಿದ್ದರು.

ಬಿಸಿಲು ಮೂಡುವ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಮೊಣಕಾಲು ಬರಿದಾಗಿದ್ದರೆ ಹೆದರಿಕೆಯಿಲ್ಲ, ಕಾಳು ಒಣಹಾಕಬಹುದು, ಕೌದಿ ಒಗೆಯಬಹುದು. ಔಡಲ ಎಣ್ಣೆ ಸವರಿ ಬಿಸಿ ಮಾಡಿದ ಎಕ್ಕೆಯ ಎಲೆಯನ್ನು ಎಡ ಮೊಣಕಾಲಿಗಿಟ್ಟು ಕೆಂಪು ಬಟ್ಟೆ ಕಟ್ಟಿದ್ದರೆ ಎರಡು ದಿನದೊಳಗೆ ಮೋಡ. ಎರಡೂ ಮೊಣಕಾಲಿಗೆ ಕಟ್ಟಿದ್ದರೆ ಮಳೆ ಖಾತ್ರಿ. ಮಣಿಕಟ್ಟಿಗೂ ಕಟ್ಟಿದ್ದರೆ ಗಾಳಿ, ಗುಡುಗು.

ಆ ಬೆಳಿಗ್ಗೆ ಎರಡು ಮೊಣಕಾಲು, ಎರಡು ಮಣಿಕಟ್ಟು, ಎರಡು ಮೊಣಕೈ, ಪಾದದ ಗಂಟು, ಎಲ್ಲದಕ್ಕೂ ಕಟ್ಟಿತ್ತು. ಕೆಂಪು ಬಟ್ಟೆ ಸಾಲದೆ ಹಳೆಯ ಹಸಿರು ಸೀರೆಯೊಂದರ ಅಂಚು ಹರಿದುಕೊಂಡಿದ್ದಳು. ನನ್ನ ಬೆರಳ ಸಂದಿಯಿಂದ ರಂಗೋಲಿ ಪುಡಿ ಒಂದೇ ಕಡೆ ಸುರಿದು ಗುಪ್ಪೆಯಾಯಿತು. ಆಕಾಶದಲ್ಲಿ ಒಂದು ಬಿಳಿ ಚೂರೂ ಇರಲಿಲ್ಲ. ಓಣಿಯ ಬೇವಿನ ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

"ಎಲ್ಲಾ ಕಟ್ಟ್ಯಾಳ್ರಿ," ಎಂದು ನಾನು ಒಳಗೆ ಓಡಿದೆ.

ಈ ಓಣಿಗೆ ಸೊಸೆಯಾಗಿ ಬಂದಾಗ ನನಗೆ ಇದೆಲ್ಲ ನಗೆಯಾಗಿ ಕಂಡಿತ್ತು. ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು ನಾನು. ಗಾಜಿನ ನಳಿಕೆಯೊಳಗೆ ಪಾದರಸ ಏರಿಳಿಯುವುದನ್ನು ತೋರಿಸಿ ಸಿಸ್ಟರ್ ನಮಗೆ ಗಾಳಿಯ ಒತ್ತಡದ ಪಾಠ ಮಾಡಿದ್ದರು. ಮೊದಲ ಬೇಸಿಗೆ, ಅತ್ತೆಯವರ ಮೆಚ್ಚುಗೆ ಗಳಿಸಲೆಂದು ಮಾಳಿಗೆಯ ಮೇಲೆ ಎರಡು ಸೀರೆ ಹಾಸಿ ಸಂಡಿಗೆ ಇಟ್ಟೆ. ಕೆಳಗಿನಿಂದ ಫಕೀರವ್ವ ಕೂಗಿ ಹೇಳಿದಳು, "ಯವ್ವಾ, ಇವತ್ತ ಬ್ಯಾಡ. ನಮ್ಮ ತಂಗಿ ಗೊಣಗಾಕತ್ತಾಳ." ಯಾರ ತಂಗಿಯೋ, ನನ್ನ ಸಂಡಿಗೆಗೂ ಅವಳಿಗೂ ಏನು ಸಂಬಂಧವೋ ಎಂದುಕೊಂಡು ಮುಂದಿನ ಸಾಲು ಇಟ್ಟೆ. ಸಂಜೆಯೊಳಗೆ ಸಂಡಿಗೆಯೆಲ್ಲ ಗಂಜಿಯಾಗಿ ಸೀರೆಯ ಅಂಚಿನಿಂದ ತೊಟ್ಟಿಕ್ಕಿತು. ಕುಂಟುತ್ತ ಮಾಳಿಗೆ ಹತ್ತಿ ಬಂದು, ನನ್ನ ಜೊತೆ ಆ ಅಂಟನ್ನು ಬಳಿದವಳೂ ಅವಳೇ. "ಅಳಬ್ಯಾಡ ಬಿಡ. ನಿಮ್ಮ ಅತ್ತಿ ಕೇಳಿದ್ರ ಫಕೀರವ್ವ ಎಡವಿ ಕೆಡವಿದ್ಲು ಅನ್ನು. ನನಗ ಬೈದ್ರ ನನಗೇನ ಹತ್ತೂದಿಲ್ಲ."

ತಂಗಿ ಎಂದರೆ ಅವಳ ಎಡ ಮೊಣಕಾಲು ಎಂದು ಗೊತ್ತಾದದ್ದು ಆಗಲೇ. ಬಲ ಮೊಣಕಾಲು ಅಕ್ಕ. ಅಕ್ಕ ಗಟ್ಟಿಗಿತ್ತಿ, ಸುಮ್ಮಸುಮ್ಮನೆ ಬಾಯಿ ತೆರೆಯುವವಳಲ್ಲ. ತಂಗಿ ಬಾಯಿಬಡುಕಿ. ಮಣಿಕಟ್ಟಿನ ನೋವಿಗೆ ಬೀಗತಿ ಎಂದು ಹೆಸರು. "ಅಕಿ ಅಪರೂಪಕ್ಕ ಬರ್ತಾಳ. ಬಂದ್ಲಂದ್ರ ಎಂಟ ದಿನ ಎದ್ದ ಹೋಗೂದಿಲ್ಲ," ಎಂದು ಹೇಳಿ ತಾನೇ ಮೊದಲು ನಗುತ್ತಿದ್ದಳು. ನಗುವಾಗ ಮೇಲಿನ ತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿಯುತ್ತಿದ್ದಳು. ಅದು ನೋವನ್ನು ಒಳಗೇ ಹಿಡಿಯುವ ಬಗೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ವಯಸ್ಸು ಐವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ. ಮಗ ಮುತ್ತಪ್ಪ, ಸೊಸೆ ಇಬ್ಬರೂ ಹೊಲದ ಕೆಲಸಕ್ಕೆ ಹೋಗುವವರು. ಫಕೀರವ್ವ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಓಣಿಯ ಹಳೆಯ ಸೀರೆ, ಧೋತರ, ಲಂಗಗಳ ತುಂಡುಗಳೆಲ್ಲ ಅವಳ ಕೈಗೆ ಹೋಗಿ ಹೊದಿಕೆಯಾಗಿ ತಿರುಗಿ ಬರುತ್ತಿದ್ದವು. ನನಗೆ ಹೊಲಿದುಕೊಟ್ಟ ಕೌದಿಯನ್ನು ಒಮ್ಮೆ ಬಿಸಿಲಿಗೆ ಹಾಕಿದಾಗ ನೋಡಿದೆ. ಒಂದು ಮೂಲೆಯಿಂದ ಹೊಲಿಗೆ ಸಾಸಿವೆ ಕಾಳಿನಷ್ಟು ಸಣ್ಣಗೆ, ನೇರವಾಗಿ ಹೊರಡುತ್ತದೆ. ನಡುವೆ ಗೇಣಗಲ ಉದ್ದುದ್ದವಾಗಿ, ದಾರಿ ತಪ್ಪಿದವರ ಹೆಜ್ಜೆಯಂತೆ ಅಡ್ಡಾಡುತ್ತದೆ. ಮತ್ತೆ ಸಣ್ಣಗಾಗುತ್ತದೆ. ಮೋಡದ ದಿನಗಳಲ್ಲಿ ಅವಳ ಬೆರಳು ಮಡಚುತ್ತಿರಲಿಲ್ಲ. ಆದರೂ ಹೊಲಿಯುವುದನ್ನು ಬಿಟ್ಟವಳಲ್ಲ.

ಈ ನೋವು ಯಾಕೆ ಬಂತು ಎಂದು ಯಾರಿಗೂ ಗೊತ್ತಿರಲಿಲ್ಲ. ಮಗ ಹುಟ್ಟಿದ ಮೇಲೆ ಬಂತು ಎಂದು ಒಮ್ಮೆ ಹೇಳುತ್ತಿದ್ದಳು, ಎಳೆ ಪ್ರಾಯದಲ್ಲಿ ಹಳ್ಳದ ನೀರಿನಲ್ಲಿ ನಿಂತು ಬಟ್ಟೆ ಒಗೆದದ್ದಕ್ಕೆ ಎಂದು ಇನ್ನೊಮ್ಮೆ. ಮೂರು ವರ್ಷದ ಹಿಂದೆ ನಾನೇ ಹಟ ಹಿಡಿದು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ತೆಗೆದರು, ಎಲುಬಿನ ಫೋಟೋ ತೆಗೆದರು. ಡಾಕ್ಟರು ಕಾಗದಗಳನ್ನು ಎರಡೆರಡು ಸಲ ತಿರುವಿ, ಇದರಲ್ಲಿ ಏನೂ ಕಾಣುವುದಿಲ್ಲ, ಎಲ್ಲ ಸರಿಯಾಗಿದೆ ಎಂದರು. ನೋವಿಗೆ ಗುಳಿಗೆ ಬರೆದುಕೊಟ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ಎರೆಹೊಲಗಳನ್ನು ನೋಡುತ್ತ ಕೇಳಿದಳು: "ಕಾಗದದಾಗ ನೋವ ಇಲ್ಲಂತ. ಹಂಗಾರ ಇದು ಯಾರ ಮನೀದು ಬಂದು ನನ್ನ ಕಾಲಾಗ ಕುಂತೈತಿ, ಯವ್ವಾ?"

ಗುಳಿಗೆಯಿಂದ ಆರಾಮವಾಯಿತು. ದಿನಾ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಒಂದು, ಸಂಜೆ ಒಂದು, ನಾನೇ ಎದುರು ನಿಂತು ನುಂಗಿಸುತ್ತಿದ್ದೆ. ಐದನೆಯ ದಿನ ಗೋಡೆ ಹಿಡಿಯದೆ ಕಟ್ಟೆ ಇಳಿದಳು. ಎಂಟನೆಯ ದಿನ ಗುಡಿಯ ಮೆಟ್ಟಿಲು ಹತ್ತಿ ಮೇಲಿನಿಂದ ನನ್ನನ್ನು ಕರೆದಳು. ಎಲೆಯಿಲ್ಲ, ಬಟ್ಟೆಯಿಲ್ಲ. ಅವಳ ಮೊಣಕಾಲು ಅಷ್ಟು ದಿನ ಒಂದೇ ಸಮನೆ ಬರಿದಾಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ.

ಅದು ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಣದಲ್ಲಿ, ಮಾಳಿಗೆಯಲ್ಲಿ, ಮನೆಯ ಮುಂದೆ, ಎಲ್ಲಿ ನೋಡಿದರೂ ಕೆಂಪು. ಒಣಗುವ ಕಾಯಿಗೆ ಒಂದು ಸಲ ನೀರು ಬಿತ್ತೆಂದರೆ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ಒಳಗೆ ಬೂಸರು ಹಿಡಿಯುತ್ತದೆ. ಹನ್ನೊಂದನೆಯ ದಿನ ಬರಿಗಾಲು ನೋಡಿಕೊಂಡೇ ಎಲ್ಲರೂ ಕಾಯಿ ಹರವಿ ಹೊಲಕ್ಕೆ ಹೋದರು. ಮೂರು ಗಂಟೆಯ ಸುಮಾರಿಗೆ ಮಳೆ ಹೊಯ್ಯಿತು. ಬಳಿದು ಒಳಗಿಡಲು ಓಣಿಯಲ್ಲಿ ಕೈಗಳೇ ಇರಲಿಲ್ಲ. ನೀರು ಕೆಂಪಾಗಿ ಗಟಾರದಲ್ಲಿ ಹರಿಯಿತು.

ಎಲ್ಲರಿಗಿಂತ ಹೆಚ್ಚು ಕಾಯಿ ಇದ್ದದ್ದು ಮೂಲೆಮನೆಯ ಶಿವಪ್ಪ ಕಾಕಾನದು. ಕೆಟ್ಟ ಮನುಷ್ಯನಲ್ಲ, ಆದರೆ ಬಾಯಿಗೆ ಬಾಗಿಲಿಲ್ಲ. ತೊಯ್ದ ಟವೆಲ್ ಹಿಂಡುತ್ತ ಕಟ್ಟೆಯ ಮುಂದೆ ನಿಂತ.

"ಏನಬೇ ಫಕೀರವ್ವ, ಗುಳಿಗಿ ನುಂಗಿ ಕಾಲಿಗೆ ರಜಾ ಕೊಟ್ಟಿಯೇನ? ಒಂದ ಮಾತ ಹೇಳಿದ್ರ ನಾವರ ಆಕಾಶ ನೋಡ್ತಿದ್ವಿ."

ಸುತ್ತಲಿದ್ದವರು ನಕ್ಕರು. ಫಕೀರವ್ವ ನಗಲಿಲ್ಲ. ಮರುದಿನ ಸಂಜೆ ಉಳಿದ ಗುಳಿಗೆಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟಳು.

"ಇವನ್ನ ನೀನ ಇಟ್ಕೋ, ಯವ್ವಾ."

"ನೋವು ತಡಕೋತಿಯೇನ ಮತ್ತ?"

"ಇಷ್ಟ ವರ್ಷ ತಡಕೊಂಡೀನಿ. ಗಂಡ ಸತ್ತ ಮ್ಯಾಲೆ ಈ ಓಣ್ಯಾಗ ಯಾರರ ನನ್ನ ಬಾಗಲಕ್ಕ ಬಂದು ಒಂದ ಮಾತ ಕೇಳ್ತಾರ ಅಂದ್ರ ಈ ಕಾಲಿನ ಸಲವಾಗಿ. ಹತ್ತ ದಿನ ನೋವ ಇರಲಿಲ್ಲ. ಹತ್ತ ದಿನ ಬರೇ ಕಾಲ ನೋಡಿ ಹಂಗ ಮುಂದ ಹೋದ್ರು."

ನಾನು ಇನ್ನೂ ಒತ್ತಾಯಿಸಬೇಕಾಗಿತ್ತು. ಒತ್ತಾಯಿಸಲಿಲ್ಲ. ಆ ವರ್ಷ ನಮ್ಮ ಮನೆಯ ಕಾಯಿಯೂ ತೊಯ್ದಿತ್ತು. ಅವಳು ಮರಳಿ ಕೆಂಪು ಬಟ್ಟೆ ಕಟ್ಟಿಕೊಂಡ ದಿನ ಓಣಿಗೆ ಓಣಿಯೇ ನೆಮ್ಮದಿಯ ಉಸಿರು ಬಿಟ್ಟಿತು. ಅದರಲ್ಲಿ ನನ್ನದೂ ಒಂದಿತ್ತು.

ಈ ವರ್ಷದ ಸುಗ್ಗಿಯಲ್ಲಿ, ನಾನು ಹೇಳುತ್ತಿರುವ ಬೆಳಿಗ್ಗೆಗೆ ನಾಲ್ಕು ದಿನ ಮುಂಚಿನಿಂದಲೇ ಅವಳ ಮೈಮೇಲೆ ಒಂದೊಂದೇ ಕಟ್ಟು ಹೆಚ್ಚುತ್ತ ಬಂದಿತ್ತು. ಮೊದಲ ದಿನ ತಂಗಿ. ಎರಡನೆಯ ದಿನ ಅಕ್ಕ. ಮೂರನೆಯ ದಿನ ಬೀಗತಿ. ಮಳೆ ಮಾತ್ರ ಬರಲಿಲ್ಲ. ದೊಡ್ಡದೇನೋ ದೂರದಿಂದ ನಡೆದು ಬರುತ್ತಿದೆ, ಅದಕ್ಕೇ ತಡವಾಗುತ್ತಿದೆ ಎಂದು ಜನ ಮಾತಾಡಿಕೊಂಡರು. ಕತ್ತಲಾಗುವ ಮುಂಚೆಯೇ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಮೊಬೈಲಿನಲ್ಲಿ ವಾರವಿಡೀ ಹಳದಿ ಸೂರ್ಯ. ಅದನ್ನು ಯಾರೂ ನಂಬಲಿಲ್ಲ.

ಆ ಬೆಳಿಗ್ಗೆ ಶಿವಪ್ಪ ಕಾಕಾ ಕಟ್ಟೆಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಎಷ್ಟ ದೊಡ್ಡದಬೇ?"

"ನನಗ ತಿಳೀವಲ್ದೋ ಶಿವಪ್ಪಣ್ಣ. ಅಕ್ಕ, ತಂಗಿ, ಬೀಗತಿ, ಎಲ್ಲಾರೂ ಒಮ್ಮೆಲೆ ಎದ್ದ ಕುಂತಾರ. ಇಂಥಾದ್ದು ನಾ ಯಾವತ್ತೂ ಕಂಡಿಲ್ಲ."

ಅಷ್ಟು ಸಾಕಾಯಿತು. ಆಣೆಕಲ್ಲಿನ ಮಳೆ ಎಂದು ಯಾರೋ ಅಂದರು. ಗಳಿಗೆಯೊಳಗೆ ಅದು ಊರಿನ ಮಾತಾಯಿತು. ತನ್ನ ಹೊಲದ ಕಾಯಿ ಇವತ್ತೇ ಬಿಡಿಸಿ ಮುಗಿಸಬೇಕೆಂದು ಕಾಕಾ ಮುತ್ತಪ್ಪನನ್ನೂ ಅವನ ಹೆಂಡತಿಯನ್ನೂ ಬೇಗ ಹೊರಡಿಸಿದ. ಮುತ್ತಪ್ಪ ಹಿಂದೆಮುಂದೆ ನೋಡುತ್ತ ನಿಂತಾಗ ಫಕೀರವ್ವನೇ, "ಹೋಗಪಾ, ಮಂದಿ ಮಾಲು ಹಾಳಾಗಬಾರದು," ಎಂದಳು. ಮನೆಗಳಲ್ಲಿದ್ದ ತಾಡಪತ್ರಿ ಸಾಲದೆಂದು ಕಾಕಾ ಇನ್ನಷ್ಟು ತರಲು ತನ್ನ ಟೆಂಪೋವನ್ನು ಕುಂದಗೋಳಕ್ಕೆ ಕಳಿಸಿದ. ಓಣಿಯಲ್ಲಿ ಇದ್ದದ್ದು ಅದೊಂದೇ ಗಾಡಿ. ಒಂಬತ್ತು ಗಂಟೆಯೊಳಗೆ ಕೆಂಪಾಗಿದ್ದ ಓಣಿ ನೀಲಿಯಾಯಿತು. ಮನೆಮನೆಯ ಮುಂದೆ ಉದ್ದುದ್ದ ಗುಪ್ಪೆ, ಮೇಲೆ ತಾಡಪತ್ರಿ, ನಾಲ್ಕೂ ಮೂಲೆಗೆ ಕಲ್ಲು.

ಫಕೀರವ್ವನಿಗೆ ಚಹಾ ತೆಗೆದುಕೊಂಡು ಹೋದೆ. ಬಶಿಯನ್ನು ತುಟಿಯವರೆಗೆ ತಂದು, ಕುಡಿಯದೆ ಕೆಳಗಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿತು. ದಿನಾ ಮೂರು ಬೆರಳಿನಿಂದ ನೀಟಾಗಿ ಎಳೆಯುವ ವಿಭೂತಿ ಅಂದು ಹುಬ್ಬಿನ ಮೇಲೆ ಜಾರಿತ್ತು. ಇದೆಲ್ಲ ನಾನು ಕಂಡೆ. ಕಾಣುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

"ಛಳಿ ಆಗಾಕತ್ತೈತಿ, ಯವ್ವಾ. ಒಂದ ಕೌದಿ ಹೊಚ್ಚು."

ಬಿಸಿಲು ಆಗಲೇ ಕಟ್ಟೆಯ ಕಲ್ಲನ್ನು ಕಾಯಿಸುತ್ತಿತ್ತು. ಹೊದಿಸುವಾಗ ಅವಳ ಕೈ ನನಗೆ ತಗುಲಿತು. ಒಲೆಯಿಂದ ಈಗಷ್ಟೇ ಇಳಿಸಿದ ಹಂಚಿನಂತಿತ್ತು. ಎಲೆ ಬಿಸಿ ಮಾಡಲು ಒಲೆಯ ಮುಂದೆ ಕೂತಿರಬೇಕು ಎಂದುಕೊಂಡೆ. ನಮ್ಮ ಮನೆಯ ಕಪಾಟಿನಲ್ಲಿ ಜ್ವರ ನೋಡುವ ಕಡ್ಡಿ ಇತ್ತು. ಹತ್ತು ಹೆಜ್ಜೆ ದೂರ. ನಾನು ಅವಳ ಮುಖದ ಹತ್ತಿರ ಬಗ್ಗಿ ಕೇಳಿದ ಮಾತು ಇದು:

"ಫಕೀರವ್ವ, ಆಣೆಕಲ್ಲು ಬೀಳ್ತಾವೇನ?"

ಅವಳು ನನ್ನನ್ನೇ ನೋಡಿದಳು. ಮೇಲಿನ ತುಟಿ ಹಲ್ಲಿನಡಿ ಹೋಯಿತು. "ಬೀಳಬಹುದವ್ವ," ಎಂದಳು. "ನೀ ಹೋಗು. ನಿನ್ನ ಸಂಡಿಗಿ ಒಳಗಿಟ್ಕೋ."

ನಾನು ಹೋದೆ. ಸಂಡಿಗೆ ಒಳಗಿಟ್ಟೆ.

ಮಧ್ಯಾಹ್ನ ಬಾಜು ಮನೆಯ ಸರೋಜಾ ರೊಟ್ಟಿ ಕೊಡಲು ಹೋದವಳು ಕೂಗಿಕೊಂಡಳು. ಫಕೀರವ್ವ ಕೌದಿಯೊಳಗೆ ಒಂದು ಕಡೆ ವಾಲಿದ್ದಳು. ಕಣ್ಣು ತೆರೆದಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆವು, ಬರುತ್ತಿದೆ ಎಂದರು. ಅದಕ್ಕೂ ಮೊದಲು, ಮುಕ್ಕಾಲು ಗಂಟೆಯ ಮೇಲೆ, ಟೆಂಪೋ ಬಂತು. ಗಂಡಸರು ತಾಡಪತ್ರಿಯ ಸುರುಳಿಗಳನ್ನು ಕೆಳಗೆ ಒಗೆದು ಅವಳನ್ನು ಮಲಗಿಸಿದರು. ಒಂದೊಂದೇ ಕಟ್ಟು ಬಿಚ್ಚಿ ನೋಡಿದೆ. ಎಕ್ಕೆಯ ಎಲೆಗಳು ಮೈಶಾಖಕ್ಕೆ ಬಾಡಿ ಕಪ್ಪಾಗಿದ್ದವು. ಹೊಲದಿಂದ ಓಡಿ ಬಂದ ಮುತ್ತಪ್ಪ ಚಪ್ಪಲಿಯಿಲ್ಲದೆ ಟೆಂಪೋ ಹತ್ತಿದ. ನಮ್ಮ ಮನೆಯವರೂ ಜೊತೆಗೆ ಹೋದರು.

ನಾಲ್ಕು ಗಂಟೆಗೆ ನಮ್ಮ ಮನೆಯವರ ಫೋನು ಬಂತು. ಹುಬ್ಬಳ್ಳಿ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಜ್ವರ ರಕ್ತಕ್ಕೆ ಏರಿತ್ತು, ನಾಲ್ಕೈದು ದಿನದಿಂದ ಇದ್ದಿರಬೇಕು, ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಅಲ್ಲಿಯ ಡಾಕ್ಟರು ಕೇಳಿದರಂತೆ.

ನೋಡಿದ್ದೆವು. ಓಣಿಯವರೆಲ್ಲ ದಿನಾ ಬೆಳಿಗ್ಗೆ ಎದ್ದು ಮೊದಲು ಅವಳನ್ನೇ ನೋಡಿದ್ದೆವು.

ಸಂಜೆ ಅವಳನ್ನು ತಂದು ಅದೇ ಕಟ್ಟೆಗೆ ಒರಗಿಸಿ ಕೂರಿಸಿದರು. ಭಜನೆಯವರಿಗೆ ಹೇಳಿಕಳಿಸಿದ್ದರು. ಹೆಂಗಸರೆಲ್ಲ ಅತ್ತು ಸುಸ್ತಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಶಿವಪ್ಪ ಕಾಕಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಬಂದವರಿಗೆ ಕೂರಲು ಜಾಗವಿಲ್ಲವೆಂದು ನಾನೂ ಸರೋಜಾಳೂ ಮನೆಯ ಮುಂದಿನ ತಾಡಪತ್ರಿ ತೆಗೆಯತೊಡಗಿದೆವು. ಪಡುವಣ ಆಕಾಶ ನುಣ್ಣಗೆ, ಕೇಸರಿಯಾಗಿ, ಅಂಚಿನಿಂದ ಅಂಚಿಗೆ ಖಾಲಿಯಿತ್ತು. ಕೆಳಗಿನ ಕಾಯಿ ಬೆಚ್ಚಗೆ, ಗರಿಗರಿಯಾಗಿ ಸದ್ದು ಮಾಡುತ್ತಿದ್ದವು. ಸರೋಜಾ ತನ್ನ ಕಡೆಯ ಎರಡು ಮೂಲೆ ಹಿಡಿದು ನನ್ನ ಹತ್ತಿರ ಬಂದಳು. ಅವಳ ಕಣ್ಣು ಇನ್ನೂ ಕೆಂಪಾಗಿತ್ತು. ಮೂಲೆಗೆ ಮೂಲೆ ಕೂಡಿಸಿ ಮಡಚುತ್ತ, ತಲೆಯೆತ್ತಿ ಮೇಲೆ ನೋಡಿ ಅಂದಳು:

"ಅಲ್ರಿ ವೈನಿ, ಒಂದ ಹನೀನೂ ಬೀಳಲಿಲ್ಲ ನೋಡ್ರಿ. ಪಾಪ, ಈ ಸಲ ಅಕೀದು ತಪ್ಪಿತು."